ಮಾತು ಅದೇ, ಲೆಕ್ಕ ಬೇರೆ

ಕಂಪ್ಯೂಟರಿಗಾಗಿ ಒಂದು ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಇನ್ನೊಂದು ಭಾಷೆಗೆ ತಿರುಗಿಸುವುದು ಬರಿಯ ಗುಮಾಸ್ತಿಕೆ, ಬೆಳಗಾಗುವುದರೊಳಗೆ ಯಂತ್ರವೇ ಅದನ್ನು ಮಾಡಿ ಮುಗಿಸುತ್ತದೆ ಎಂಬ ಮಾತು ಈಚೆಗೆ ನಮ್ಮ ದಾವಣಗೆರೆಯ ಕಾಲೇಜು ಅಂಗಳಗಳಲ್ಲಿಯೂ ಕೇಳಿಬರುತ್ತಿದೆ. ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎನ್ನುವವರಿದ್ದಾರೆ. ಭಾಷಾಂತರವನ್ನು ಗುಮಾಸ್ತಿಕೆಯೆಂದು ಕರೆದ ಮೇಲೆ ನಾವು ಸುಮ್ಮನಿರುವುದು ಹೇಗೆ?

ಭಾಷಾಂತರಕಾರನನ್ನು ಕೆಡಿಸುವುದು ಕಷ್ಟದ ಮಾತಲ್ಲ. ಅದು ದಾರಿಗೆ ಅಡ್ಡ ನಿಲ್ಲುತ್ತದೆ, ನಾವು ನಿಘಂಟು ತೆರೆಯುತ್ತೇವೆ. ಕೆಡಿಸುವುದು ಗುರುತಿನ ಮಾತು. ನಾನು ಉಪನ್ಯಾಸ ಕೊಡುವವನು. ಹಿಂದಿಯವರಿಗೆ ಉಪನ್ಯಾಸವೆಂದರೆ ಕಾದಂಬರಿ. ನಮ್ಮ ಶಿಕ್ಷೆ ದಂಡನೆ, ಅವರದು ವಿದ್ಯಾಭ್ಯಾಸ. (ನನ್ನ ತರಗತಿಯಲ್ಲಿ ಕುಳಿತವರು ಎರಡೂ ಒಂದೇ ಎಂದಾರು.)

ಕಂಪ್ಯೂಟರ್ ಭಾಷೆಗಳಲ್ಲಿಯೂ ಹೀಗೆಯೇ. ಪೈಥಾನ್ ಎಂಬ ಭಾಷೆಯ ಮೂರನೆಯ ರೂಪ 2008ರ ಡಿಸೆಂಬರಿನಲ್ಲಿ ಬಂದಿತು. ಎರಡನೆಯ ರೂಪಕ್ಕೆ ಇದ್ದ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. ಹಳೆಯದನ್ನು ಹೊಸದಕ್ಕೆ ತಿರುಗಿಸಲು ಭಾಷೆಯ ಜೊತೆಗೇ ಒಂದು ಸಲಕರಣೆಯನ್ನೂ ಕೊಟ್ಟಿದ್ದರು. 'ಪ್ರಿಂಟ್' ಎಂಬ ಆಜ್ಞೆಯ ಮುಂದಿನದನ್ನು ಆವರಣದೊಳಗೆ ಸೇರಿಸುವಂಥ ಕೆಲಸಗಳನ್ನು ಅದು ಚೊಕ್ಕಟವಾಗಿ ಮಾಡಿತು. ಭಾಗಾಕಾರದ ಓರೆಗೆರೆಯನ್ನು ಮಾತ್ರ ಮುಟ್ಟಲಿಲ್ಲ. ಹಳೆಯ ಪೈಥಾನಿನಲ್ಲಿ 7ನ್ನು 2ರಿಂದ ಭಾಗಿಸಿದರೆ 3, ಹೊಸದರಲ್ಲಿ 3.5. ಗೆರೆ ಅದೇ ಗೆರೆ. ತಿರುಗಿಸುವುದಕ್ಕೆ ಯಂತ್ರಕ್ಕೆ ಅಲ್ಲಿ ಏನೂ ಕಾಣಲಿಲ್ಲ.

ಇದರಿಂದ ಯಾರಿಗೆ ನಷ್ಟ? ಹರಿಹರದ ಬಳಿಯ ಸಾರಥಿಯ ರೈತನೊಬ್ಬ ಯಾವುದೋ ಸಂಘದಿಂದ 10,000 ರೂಪಾಯಿ ಸಾಲ ತಂದನೆನ್ನಿ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ತುಂಬಿದ ತಿಂಗಳಿಗೆ ಮಾತ್ರ. 45 ದಿನಕ್ಕೆ ತೀರಿಸಲು ಬಂದ. ಹಳೆಯ ಲೆಕ್ಕ 45ನ್ನು 30ರಿಂದ ಭಾಗಿಸಿ ಒಂದು ತಿಂಗಳು ಎನ್ನುತ್ತಿತ್ತು, ಬಡ್ಡಿ 100. ಹೊಸದು ಒಂದೂವರೆ ಎನ್ನುತ್ತದೆ, ಬಡ್ಡಿ 150. ಯಂತ್ರ ನಿಲ್ಲುವುದಿಲ್ಲ, ತಪ್ಪೆಂದು ಕೂಗುವುದೂ ಇಲ್ಲ. ರಸೀತಿ ಅಚ್ಚುಕಟ್ಟಾಗಿ ಹೊರಬರುತ್ತದೆ. ಆತ ಕಿಟಕಿಯ ಮುಂದೆ ನಿಂತು ಐವತ್ತು ರೂಪಾಯಿಗೆ ವಾದಿಸಿದರೆ, "ಕಂಪ್ಯೂಟರ್ ಸುಳ್ಳು ಹೇಳ್ತದೇನಪ್ಪ?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈಗಿನ ಕೃತಕ ಬುದ್ಧಿಯ ಯಂತ್ರಗಳು ಇಂಥದನ್ನೂ ಹಿಡಿಯುತ್ತವೆ ಎನ್ನುವವರುಂಟು. ಹಿಡಿಯಬಹುದು, ಇಲ್ಲವೆನ್ನಲಾರೆ. ಆದರೆ ತುಂಬಿದ ತಿಂಗಳಿಗೆ ಮಾತ್ರ ಬಡ್ಡಿಯೆಂಬ ಕಟ್ಟಳೆ ಇರುವುದು ಸಂಘದ ಕಡತದಲ್ಲಿ, ಹಳೆಯ ಕಾರ್ಯದರ್ಶಿಯ ತಲೆಯಲ್ಲಿ. ಶೇಷವನ್ನು ಬಿಟ್ಟದ್ದು ಕಟ್ಟಳೆಯೋ, ಹಿಂದೆ ಬರೆದವನ ಅಜಾಗರೂಕತೆಯೋ, ಆ ಒಂದು ಸಾಲನ್ನು ನೋಡಿ ಹೇಳುವುದು ಹೇಗೆ?

ಬಿ. ಎಂ. ಶ್ರೀಯವರು ಸೊಫೋಕ್ಲೀಸನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿದರು; ಅದು ಕವಿಯ ಸ್ವಾತಂತ್ರ್ಯ. ಲೆಕ್ಕದ ಭಾಷಾಂತರಕಾರನಿಗೆ ಅದಿಲ್ಲ. ಹಿಂದಿನ ವರ್ಷದ ಖಾತೆಗಳನ್ನೆಲ್ಲ ಹಳೆಯದರಲ್ಲಿಯೂ ಹೊಸದರಲ್ಲಿಯೂ ಹಾಯಿಸಿ ಪೈಸೆ ಪೈಸೆಗೆ ತಾಳೆ ನೋಡಬೇಕಾದವನು ಅವನು. ಅದಕ್ಕೆ ಬೇಕಾದ ವಾರಗಳನ್ನೂ ಸಂಬಳವನ್ನೂ ಟೆಂಡರಿನಲ್ಲಿ ಕಾಣಿಸದೆ, ಎಲ್ಲ ಯಂತ್ರ ನೋಡಿಕೊಳ್ಳುತ್ತದೆ ಎಂದು ಉಳಿಸುವ ಹಣ ಆ ರೈತನ ಜೇಬಿನದು. ತಾಳೆ ನೋಡಿದವನ ರುಜು ಇಲ್ಲದ ಪ್ರೋಗ್ರಾಮನ್ನು ಯಾವ ಸಂಘವೂ ಒಪ್ಪಿಕೊಳ್ಳಕೂಡದು.