ಕಲಿತವನೇ ಕಲಿಸಬಲ್ಲನು

ಕಳೆದ ಬೇಸಿಗೆಯಲ್ಲಿ ಶಹಾಪುರದ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಮಲಗಿದ ಬುದ್ಧನಂತೆ ತೋರುವ ಆ ಊರಿನ ಬೆಟ್ಟವನ್ನು ಕಣ್ತುಂಬ ನೋಡಿ ಒಳಗೆ ಕಾಲಿಟ್ಟರೆ ಮನೆಯಲ್ಲಿ ಮೌನ ಕವಿದಿತ್ತು. ಇಂಗ್ಲಿಷ್ ಅಧ್ಯಾಪಕನಾದ ಹಿರಿಯ ಮಗನು ದಕ್ಷಿಣ ಕೊರಿಯಕ್ಕೆ ಹೋಗಿ ಇಂಗ್ಲಿಷ್ ಕಲಿಸಬೇಕೆಂದು ಎರಡು ಕಡೆಗೆ ಅರ್ಜಿ ಹಾಕಿದ್ದನು. ಎರಡು ಕಡೆಯಿಂದಲೂ ಒಂದೇ ಉತ್ತರ: ಇಂಗ್ಲಿಷ್ ಮಾತೃಭಾಷೆಯಾದವರಿಗೆ ಮಾತ್ರ ಅವಕಾಶ.

“ಅಣ್ಣಾ, ನೀವರ ಹೇಳ್ರಿ,” ಎಂದರು ತಾಯಿ. “ಇಂಗ್ಲಿಷ್ ಇಂವನ ಹಡದವ್ವನ ಮಾತಲ್ಲ. ಪರದೇಶಕ್ಕ ಹೋಗಿ ಕಲಸ್ತೀನಿ ಅಂದ್ರ ಮಂದಿ ನಗೂದಿಲ್ಲೇನು?”

ಬಾಗಿಲ ಬಳಿ ನಿಂತಿದ್ದ ಹುಡುಗನು ತಲೆ ತಗ್ಗಿಸಿದನು. ತಾಯಿಯ ಬಾಯಿಂದ ಬಂದುದು ಅವನದೇ ಅಂಜಿಕೆ ಎಂದು ನನಗೆ ಆಗ ತಿಳಿಯಿತು.

ಓದುಗರೇ, ಈ ಅಂಜಿಕೆಗೆ ಆಧಾರವೆಷ್ಟು? ಇದೇ ಸೀಮೆಯ ಅಜ್ಜಂದಿರು ನಿಜಾಮರ ಕಾಲದಲ್ಲಿ, ಎಂದರೆ 1948ರವರೆಗೆ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಓದಿದವರು. ಪರಭಾಷೆಯನ್ನು ಬೆವರು ಸುರಿಸಿ ಕಲಿಯುವುದು ಇಲ್ಲಿಯವರಿಗೆ ಹೊಸತಲ್ಲ. ಹಾಗೆ ಕಲಿತವನಿಗೆ ದಾರಿಯ ಪ್ರತಿಯೊಂದು ಎಡರೂ ಗೊತ್ತಿರುತ್ತದೆ. ಹುಟ್ಟಿನಿಂದಲೇ ಆಡಿದವನು ತಪ್ಪನ್ನು ತಿದ್ದಬಲ್ಲನು. ಆದರೆ ತಪ್ಪು ಏಕಾಯಿತೆಂದು ಹೇಳಲು ಅನೇಕ ವೇಳೆ ತಡವರಿಸುತ್ತಾನೆ.

ಕೊರಿಯದ ಮಾತನ್ನೇ ನೋಡಿ. ನಮ್ಮಂತೆ ಅವರಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನ ‘ಎ’, ‘ದಿ’ಗಳಿಗೆ ಸಮನಾದುದು ನಮ್ಮಲ್ಲಿಲ್ಲ, ಅವರಲ್ಲಿಯೂ ಇಲ್ಲ. ನಮ್ಮ ಹಳ್ಳಿಗರು ‘ಆಫೀಸ’ನ್ನು ‘ಆಪೀಸು’ ಎನ್ನುವಂತೆ ಅವರು ‘ಕಾಫಿ’ಯನ್ನು ‘ಖೊಪಿ’ ಎನ್ನುತ್ತಾರೆ. ‘ಸ್ಕೂಲ್’ ಎನ್ನಲು ನಾವು ಮೊದಲಿಗೆ ಒಂದು ಸ್ವರ ಸೇರಿಸಿ ‘ಇಸ್ಕೂಲು’ ಮಾಡಿದರೆ, ಅವರು ನಡುವೆ ಒಂದು ಸ್ವರ ತೂರಿಸುತ್ತಾರೆ. ಎಡವುವ ಕಲ್ಲು ಒಂದೇ ಆದಮೇಲೆ, ಅದನ್ನು ದಾಟಿದ ಶಹಾಪುರದ ಹುಡುಗನಿಗಿಂತ ಒಳ್ಳೆಯ ಮಾರ್ಗದರ್ಶಿ ಯಾರು?

ಕಾನೂನಿನ ಬಾಗಿಲೂ ಪೂರ್ತಿ ಮುಚ್ಚಿಲ್ಲ. ಇಂಗ್ಲಿಷ್ ಶಿಕ್ಷಕರ ವೀಸಾವನ್ನು ಕೊರಿಯ ಸಾಮಾನ್ಯವಾಗಿ 7 ಇಂಗ್ಲಿಷ್ ದೇಶಗಳವರಿಗೆ ಮೀಸಲಿಟ್ಟಿದೆ. ಆದರೆ 2010ರ ಜನವರಿ 1ರಿಂದ ಜಾರಿಗೆ ಬಂದ ಭಾರತ–ಕೊರಿಯ ಆರ್ಥಿಕ ಒಪ್ಪಂದವು, ಪದವಿಯೊಂದಿಗೆ ಇಂಗ್ಲಿಷ್ ಬೋಧನೆಯ ಅರ್ಹತೆಯುಳ್ಳ ಭಾರತೀಯರಿಗೂ ಸಹಾಯಕ ಶಿಕ್ಷಕರಾಗಲು ಎಡೆಮಾಡಿತು. ಹಿಂದೆ ಹೈಲೆ ಸೆಲಾಸಿಯ ಇಥಿಯೋಪಿಯದಲ್ಲಿಯೂ ಭೂತಾನದಲ್ಲಿಯೂ ಪಾಠ ಹೇಳಿದ ಭಾರತೀಯ ಶಿಕ್ಷಕರು ಬಹಳ ಮಂದಿ. ಅವರಿಗೂ ಇಂಗ್ಲಿಷ್ ತಾಯಿನುಡಿಯಾಗಿರಲಿಲ್ಲ.

ಹತ್ತಿರದ ಸುರಪುರದಲ್ಲಿ ಇದರ ತಿರುವುಮುರುವಾದ ಕಥೆಯೊಂದಿದೆ. ಹದಿನೈದರ ವಯಸ್ಸಿನಲ್ಲಿ ಭಾರತಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಯ ನುಡಿಗಳನ್ನು ಶ್ರಮದಿಂದ ಕಲಿತು, 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡನು. ಬಾಲಕ ರಾಜಾ ವೆಂಕಟಪ್ಪ ನಾಯಕನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1858ರ ಬಂಡಾಯ ಮುರಿದು ರಾಜನು ಸೆರೆ ಸಿಕ್ಕಾಗ ಟೇಲರನು ಹೋಗಿ ಕಂಡನು. ಆ ವರ್ಷವೇ ರಾಜನು ಗುಂಡೇಟಿನಿಂದ ಮಡಿದನು. ಟೇಲರ್ ಆಳುವವರ ಕಡೆಯವನು, ನಮ್ಮ ಹುಡುಗ ಸಂಬಳಕ್ಕೆ ದುಡಿಯುವವನು. ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೂ ಪರಕೀಯನೊಬ್ಬನಿಗೆ ‘ಅಪ್ಪಾ’ ಎಂಬ ಕರೆ ದೊರೆತುದು ಉಚ್ಚಾರಣೆಯ ಶುದ್ಧಿಯಿಂದಲ್ಲ.

ಹುಡುಗನಿಗೆ ಮೂರು ಮಾತು ಹೇಳಿದೆ. ಪದವಿಪತ್ರಕ್ಕೂ ಪೊಲೀಸ್ ದೃಢೀಕರಣಕ್ಕೂ ಅಪೋಸ್ಟಿಲ್ ಮುದ್ರೆ ಹಾಕಿಸು. ಸಂಬಳ, ವಸತಿ, ಹಿಂದಿರುಗುವ ಖರ್ಚು ಬರಹದಲ್ಲಿ ಬರದ ಹೊರತು ಯಾವ ದಲ್ಲಾಳಿಗೂ ಹಣ ಕೊಡಬೇಡ. ಹೊರಡುವ ಮುನ್ನ ಅವರ ಭಾಷೆಯನ್ನು ಕಲಿಯಲು ತೊಡಗು. ಕಲಿಯುವವನ ಸಂಕಟ ಮರೆತವನು ಗುರುವಾಗಲಾರ.

“ಆಯ್ತು ಮಾಮಾ,” ಎಂದು ಅವನು ಮೊದಲ ಬಾರಿಗೆ ತಲೆಯೆತ್ತಿದನು.

ತಾಯಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಟಕ್ ರೊಟ್ಟಿ, ಶೇಂಗಾ ಹಿಂಡಿ ವಿಮಾನದಾಗ ಒಯ್ಯಾಕ ಬಿಡ್ತಾರೇನ್ರಿ?” ಎಂದು ಕೇಳಿದರು.