ಹೋಟೆಲು ವಿಮರ್ಶೆಯ ಗದ್ಯ

ಪುಸ್ತಕವೊಂದರ ವಿಮರ್ಶೆ ಅಚ್ಚಾದರೆ, ವಿಮರ್ಶಕನ ಮಾತು ನಿಲ್ಲತಕ್ಕದ್ದೇ ಅಲ್ಲವೇ ಎಂದು ತೂಗಿ ನೋಡುವ ವಾಚಕರು ನಮ್ಮಲ್ಲಿ ಈಗಲೂ ಉಂಟು. ನಾಟಕ, ಸಂಗೀತಗಳ ವಿಮರ್ಶೆಗೂ ಅಷ್ಟಿಷ್ಟು ಆ ಭಾಗ್ಯವಿದೆ. ಆದರೆ ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಯಾವುದೋ ಊರಿನ ಹೋಟೆಲನ್ನೋ ಖಾನಾವಳಿಯನ್ನೋ ಕುರಿತು ಬರುವ ಬರಹವನ್ನು ಗದ್ಯವೆಂದು ಎಣಿಸಿ ಅದರ ಗುಣದೋಷಗಳನ್ನು ಯಾರೂ ಎತ್ತಿ ಆಡುವುದಿಲ್ಲ. ಅದು ಹೊಟ್ಟೆಯ ವಿಷಯ, ಸಾಹಿತ್ಯಕ್ಕೆ ಸೇರಿದ್ದಲ್ಲವೆಂಬ ಉಪೇಕ್ಷೆ ಇದಕ್ಕೆ ಕಾರಣವಿರಬಹುದು. ನಮ್ಮ ಪರಂಪರೆಗೆ ಈ ಉಪೇಕ್ಷೆ ಒಪ್ಪುವಂಥದಲ್ಲ. ರಸವೆಂದರೇನೆಂದು ತಿಳಿಸಹೊರಟ ನಾಟ್ಯಶಾಸ್ತ್ರಕಾರ ದೃಷ್ಟಾಂತಕ್ಕಾಗಿ ಮೊದಲು ತಿರುಗಿದ್ದು ಅಡುಗೆಮನೆಯ ಕಡೆಗೆ. ವ್ಯಂಜನಗಳು ಕೂಡಿದ ಅನ್ನವನ್ನು ಸವಿಯುವವನೇ ಅವನಿಗೆ ಸಹೃದಯನ ಮಾದರಿಯಾದ. ಕಾವ್ಯವಿಮರ್ಶೆ ತನ್ನ ಮೂಲಶಬ್ದವನ್ನು ಊಟದ ಎಲೆಯಿಂದ ಎರವಲು ಪಡೆದಿರುವಾಗ, ಊಟದ ವಿಮರ್ಶೆಯನ್ನು ಕೀಳಾಗಿ ಕಾಣುವುದು ಕೊಟ್ಟವನನ್ನೇ ಮರೆತ ಸಾಲಗಾರನ ನಡತೆಯಾದೀತು.

ಈ ಗದ್ಯದ ಪರೀಕ್ಷೆಗೆ ದಾವಣಗೆರೆಗಿಂತ ತಕ್ಕ ಊರು ಬೇರೆ ಸಿಕ್ಕದು. ಅಲ್ಲಿಯ ಬೆಣ್ಣೆದೋಸೆಯನ್ನು ಕುರಿತು ಬಂದಿರುವಷ್ಟು ಬರಹ ಆ ಊರಿಗೆ ಒಂದು ಕಾಲಕ್ಕೆ ಹೆಸರು ತಂದ ಹತ್ತಿ ಗಿರಣಿಗಳ ಏಳುಬೀಳನ್ನು ಕುರಿತೂ ಬಂದಿರಲಾರದು. ಅಂಥ ಹತ್ತು ಲೇಖನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಅವುಗಳ ನಡಿಗೆ ಗೊತ್ತಾಗುತ್ತದೆ. ಮೊದಲ ಪರಿಚ್ಛೇದದಲ್ಲಿ ಬಾಯಲ್ಲಿ ನೀರೂರುತ್ತದೆ. ಎರಡನೆಯದರಲ್ಲಿ ಚೆನ್ನಮ್ಮನವರ ಕಥೆ: 1928ರ ಸುಮಾರಿಗೆ ಮಕ್ಕಳೊಡನೆ ಊರಿಗೆ ಬಂದ ಆ ತಾಯಿ ರಾಗಿಯ ದೋಸೆ ಹುಯ್ದು ಮಾರಿದರೆಂದೂ, ಹತ್ತು ವರ್ಷಗಳ ತರುವಾಯ ಮಕ್ಕಳು ಅಕ್ಕಿಹಿಟ್ಟಿಗೆ ತಿರುಗಿ ಬೆಣ್ಣೆ ಹಾಕತೊಡಗಿದರೆಂದೂ ಹೇಳುವ ಕಥೆ. ಮೂರನೆಯದರಲ್ಲಿ ಮಾಲೀಕರ ಮಾತು. ನಾಲ್ಕನೆಯದರಲ್ಲಿ, ನೀವೂ ಒಮ್ಮೆ ಸವಿಯಲೇಬೇಕೆಂಬ ಕರೆ. ಚೆನ್ನಮ್ಮನವರ ಕಥೆ ಹೇಳತಕ್ಕದ್ದೇ, ಅದರಲ್ಲಿ ಆಕ್ಷೇಪವಿಲ್ಲ. ಆದರೆ ಲೇಖಕ ಅಂದು ತಿಂದ ದೋಸೆ ಎಲ್ಲಿ?

ಶೈಲಿಯನ್ನು ಅಳೆಯಲು ನಮಗೆ ತೋರುವ ಒರೆಗಲ್ಲು ಬಹಳ ಸರಳವಾದದ್ದು. ಬರಹದಲ್ಲಿರುವ ಹೋಟೆಲಿನ ಹೆಸರನ್ನು ತೆಗೆದು ಬೇರೊಂದರ ಹೆಸರನ್ನು ಇಟ್ಟು ನೋಡಬೇಕು. ಆಗಲೂ ವಾಕ್ಯ ಏನೂ ಆಗದಂತೆ ನಿಂತಿದ್ದರೆ, ಅದು ಆ ಹೋಟೆಲನ್ನು ಕುರಿತು ಏನನ್ನೂ ಹೇಳಿಲ್ಲ. ನಾಲಿಗೆ ಚಪ್ಪರಿಸುವಂತೆ ಮಾಡುವ, ತಿಂದವರೇ ಬಲ್ಲ, ಸ್ವರ್ಗಕ್ಕೆ ಮೂರೇ ಗೇಣು ಮುಂತಾದ ನುಡಿಗಳು ಬೆಂಗಳೂರಿನ ಇಡ್ಲಿಗೂ ಧಾರವಾಡದ ಪೇಡೆಗೂ ಒಂದೇ ಅಳತೆಯಲ್ಲಿ ಒಪ್ಪುತ್ತವೆ. ಎಲ್ಲರ ಮೈಗೂ ಆಗುವ ಅಂಗಿ ಯಾರ ಅಳತೆಗೂ ಹೊಲಿದದ್ದಲ್ಲ.

ದೋಸೆಯನ್ನು ನಿಜವಾಗಿ ತಿಂದು ನೋಡಿದವನು ಬರೆಯಬೇಕಾದ್ದು ಎಷ್ಟೊಂದಿದೆ! ದಾವಣಗೆರೆಯ ದೋಸೆ ಅಗಲದಲ್ಲಿ ಚಿಕ್ಕದು, ದಪ್ಪದಲ್ಲಿ ತುಸು ಮುಂದು. ಅಂಚು ಗರಿಯಾಗಿದ್ದು ನಡುವು ಮೆದುವಾಗಿರುವುದು ಅದರ ಗುಣ. ಹಿಟ್ಟಿಗೆ ಅಕ್ಕಿ ಉದ್ದುಗಳೊಡನೆ ಮಂಡಕ್ಕಿಯನ್ನೂ ಸೇರಿಸಿ ರುಬ್ಬುವುದು ರೂಢಿ. ಪಲ್ಯಕ್ಕೆ ಅರಿಸಿನವಿಲ್ಲ, ಒಗ್ಗರಣೆಯ ಅಬ್ಬರವಿಲ್ಲ. ಬೆಳ್ಳಗಿನ ಸಪ್ಪೆ ಆಲೂಗಡ್ಡೆ, ಪಕ್ಕದಲ್ಲಿ ಹಸಿಮೆಣಸಿನಕಾಯಿಯ ಖಾರವುಳ್ಳ ತೆಂಗಿನಕಾಯಿ ಚಟ್ನಿ. ಆ ಸಪ್ಪೆ ಅಲ್ಲಿ ದೋಷವಲ್ಲ. ಬೆಣ್ಣೆಯ ಕಂಪು ಮೇಲೇಳುವುದು ಅದರಿಂದಲೇ ಎಂಬುದನ್ನು ಕಂಡು ಹೇಳಿದವನು ವಿಮರ್ಶಕ. ಕಾವಲಿ ಹದಕ್ಕೆ ಬರುವ ಮುನ್ನ ಹುಯ್ದ ಮೊದಲ ದೋಸೆಗೂ ಹತ್ತನೆಯ ದೋಸೆಗೂ ಅಂತರವುಂಟು. ಸೌದೆಯ ಒಲೆಗೂ ಅನಿಲದ ಒಲೆಗೂ ಉಂಟು. ತಾಜಾ ಬೆಣ್ಣೆಗೂ ನಿನ್ನೆಯ ಬೆಣ್ಣೆಗೂ ಉಂಟು. ಇಂಥ ಅಂತರಗಳನ್ನು ಗುರುತಿಸಲು ಕನ್ನಡದಲ್ಲಿ ಶಬ್ದಗಳ ಬಡತನವಿದೆಯೇ? ಕಮ್ಮಗೆ, ಕಮಟು, ಒಗರು, ಘಾಟು, ಹುಳಿತದ್ದು, ಸೀದದ್ದು, ಹಸಿವಾಸನೆ, ಬಿರುಸು, ಜಿಗುಟು, ಹದ ಎಂದು ನಮ್ಮ ಮನೆಗಳ ಒಲೆಯ ಮುಂದೆ ದಿನವೂ ಆಡುವ ಮಾತುಗಳಿವು. ಬೆಣ್ಣೆ ಕಮಟಾಗಿದೆ ಎಂದು ಮನೆಯ ಅಜ್ಜಿ ಮೂಗಿನಿಂದಲೇ ತೀರ್ಪು ಕೊಡುತ್ತಾಳೆ. ಪತ್ರಿಕೆಯ ವಿಮರ್ಶಕನಿಗೆ ಆ ಮಾತು ಮರೆತುಹೋಗಿ, ಟೇಸ್ಟಿ, ಸೂಪರ್, ಯಮ್ಮಿ ಎಂಬ ಮೂರು ನಾಣ್ಯಗಳಲ್ಲಿ ವ್ಯವಹಾರ ಮುಗಿಯುತ್ತದೆ. ಆಂಗ್ಲ ಪದಗಳ ಮೇಲೆ ನಮಗೆ ಹಗೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮುಳುಗುಂದದ ನಯಸೇನ, ಕನ್ನಡದಲ್ಲಿ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪದೊಡನೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ. ಅಷ್ಟು ಕಟ್ಟುನಿಟ್ಟು ನಮಗೆ ಬೇಡ. ಆದರೆ ಬೆಣ್ಣೆದೋಸೆಯನ್ನು ಕುರಿತ ಬರಹದಲ್ಲಾದರೂ ಆ ಹೋಲಿಕೆ ನೆನಪಾಗದಿರದು! ಹದಿನಾರನೆಯ ಶತಮಾನದ ಮೊದಲಿಗೆ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು, ಬದನೆಯ ಅಡುಗೆಗಳಿಗೇ ಪ್ರತ್ಯೇಕ ಸ್ಥಾನ ಕೊಟ್ಟ. ಬದನೆಗೆ ಸಿಕ್ಕಿದ ಗೌರವ ಇಂದು ದೋಸೆಗೆ ಗದ್ಯದಲ್ಲಾದರೂ ಸಿಗಬಾರದೇ?

ಶಬ್ದದ ದಾರಿದ್ರ್ಯಕ್ಕೆ ಇನ್ನೊಂದು ಮೂಲವೂ ಇದೆ. ಅದು ವ್ಯಾಕರಣದಲ್ಲಿಲ್ಲ, ಬಿಲ್ಲಿನಲ್ಲಿದೆ. ಮಾಲೀಕರ ಆತಿಥ್ಯದಲ್ಲಿ ಕುಳಿತು, ಅವರು ಬಡಿಸಿದ್ದನ್ನು ಉಂಡು, ಬೆಲೆ ಕೊಡದೆ ಎದ್ದವನ ಕೈಯಲ್ಲಿ ವಿಶೇಷಣಗಳಲ್ಲದೆ ಮತ್ತೇನು ಬಂದೀತು? ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ 1957ರಲ್ಲಿ ಆಹಾರ ವಿಭಾಗದ ಸಂಪಾದಕರಾದ ಕ್ರೇಗ್ ಕ್ಲೇಬೋರ್ನ್ ಒಂದು ಪದ್ಧತಿಯನ್ನು ನೆಲೆಗೊಳಿಸಿದರು: ವಿಮರ್ಶಕ ತನ್ನ ಗುರುತು ಹೇಳಬಾರದು, ಒಂದಕ್ಕಿಂತ ಹೆಚ್ಚು ಸಲ ಹೋಗಿ ಉಣ್ಣಬೇಕು, ಹಣವನ್ನು ಪತ್ರಿಕೆಯೇ ತೆರಬೇಕು. ನಮ್ಮ ಪತ್ರಿಕೆಗಳಿಗೆ ಇದು ದುಬಾರಿಯೆಂದು ಯಾರಾದರೂ ಹೇಳಿಯಾರು. ಆ ಮಹಾನಗರದ ಭೋಜನಶಾಲೆಗಳ ಮಟ್ಟಿಗೆ ಅದು ದುಬಾರಿಯೇ. ಮೂರು ದೋಸೆಗಳ ಮಟ್ಟಿಗೆ ಅಲ್ಲ.

ಮತ್ತೆ ಮತ್ತೆ ಹೋಗಿ ನೋಡಬೇಕೆಂಬುದು ನಮಗೇನು ಪರದೇಶದ ಪಾಠವಲ್ಲ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಹಿರಿಮೆಯ ವ್ಯಾಜ್ಯ ಬಂದಾಗ, ಶ್ರೀರಾಮ ಅಲ್ಲೇ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಅಕ್ಕಿ ಕಂದಿತು, ರಾಗಿ ಬಾಳಿತು. ಕನ್ನಡದ ಮೊದಲ ಆಹಾರವಿಮರ್ಶೆ ಎಂದು ಇದನ್ನು ಕರೆದರೆ ತಪ್ಪಾಗದು. (ಚೆನ್ನಮ್ಮನವರ ಅಂಗಡಿಯಲ್ಲಿ ರಾಗಿ ಸೋತು ಅಕ್ಕಿ ಗೆದ್ದದ್ದನ್ನು ಕೇಳಿದ್ದರೆ ದಾಸರು ಏನೆನ್ನುತ್ತಿದ್ದರೋ!) ಒಂದು ಮಧ್ಯಾಹ್ನ ಹೋಗಿ ಚಿತ್ರ ತೆಗೆದುಕೊಂಡು ಸಂಜೆಯ ಬಸ್ಸಿಗೆ ಮರಳುವ ಬರಹಗಾರ, ಆರು ತಿಂಗಳಲ್ಲದಿದ್ದರೂ ಆರು ದಿನವಾದರೂ ಕಾಯಬಾರದೇ?

ಹಾಗೆಂದು ಹೊಗಳಿಕೆಗೆ ಮದ್ದು ಹಳಿಯುವುದೆಂದು ಭಾವಿಸಬಾರದು. 2012ರಲ್ಲಿ ಅದೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೀಟ್ ವೆಲ್ಸ್ ಒಂದು ದೊಡ್ಡ ಭೋಜನಶಾಲೆಯ ಮೇಲೆ ಬಹುಮಟ್ಟಿಗೆ ಪ್ರಶ್ನೆಗಳಲ್ಲೇ ಹೆಣೆದ ವಿಮರ್ಶೆ ಲೋಕವಿಖ್ಯಾತವಾಯಿತು. ಜಾಣತನದ ಬರಹವದು; ಆದರೆ ಓದಿ ಮುಗಿಸಿದ ಮೇಲೆ ಊಟಕ್ಕಿಂತ ಲೇಖಕನೇ ಹೆಚ್ಚು ನೆನಪಿನಲ್ಲಿ ಉಳಿಯುತ್ತಾನೆ. ಕೀರ್ತಿ, ಬಂಡವಾಳಗಳುಳ್ಳ ಮಾಲೀಕ ಅಂಥ ಏಟನ್ನು ತಾಳಿಕೊಂಡಾನು. ನಾಲ್ಕು ಬೆಂಚುಗಳ ದೋಸೆ ಅಂಗಡಿಯ ಮೇಲೆ ಅದೇ ಚಾಟಿ ಬೀಸಿದರೆ ಒಂದು ಕುಟುಂಬದ ಒಲೆ ಆರಿಹೋಗಬಹುದು. 2007ರಲ್ಲಿ ಪುಲಿಟ್ಜರ್ ಪಾರಿತೋಷಕ ಪಡೆದ ಮೊದಲ ಹೋಟೆಲು ವಿಮರ್ಶಕ, ಲಾಸ್ ಏಂಜಲೀಸಿನ ಜೊನಾಥನ್ ಗೋಲ್ಡ್, ವಲಸಿಗರು ನಡೆಸುವ ಸಣ್ಣ ಅಂಗಡಿಗಳನ್ನು ಹುಡುಕಿಕೊಂಡು ಹೋದವರು. ದೊಡ್ಡದಕ್ಕೆ ಸಲ್ಲಿಸುವ ಗಮನವನ್ನೇ ಚಿಕ್ಕದಕ್ಕೂ ಸಲ್ಲಿಸಿದ್ದರಿಂದ ಅವರ ಗದ್ಯಕ್ಕೆ ತೂಕ ಬಂದಿತು.

ಗಮನವೆಂದ ಮೇಲೆ ಅಹಿತವಾದದ್ದೂ ಅದರೊಳಗೆ ಬರಬೇಕು. ದಾವಣಗೆರೆಯ ಮಂಡಕ್ಕಿ ಮಿರ್ಚಿಯನ್ನು ಕೊಂಡಾಡುವ ಲೇಖನಗಳಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆಯ ಸುದ್ದಿ ಬರುವುದು ಅಪರೂಪ. ಆ ಹೊಗೆಯ ನಡುವೆ ದುಡಿಯುವವರನ್ನು ಕಾಣದೆ ಮಂಡಕ್ಕಿಯ ಹಗುರವನ್ನಷ್ಟೇ ವರ್ಣಿಸುವುದು ಅರ್ಧ ವರ್ಣನೆ.

ಇನ್ನು ಹರಿಹರ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಈ ಊರಿಗೆ ಬಂದ ಪತ್ರಿಕಾ ಬರಹಗಾರರು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ನೋಡಿ, ಊಟಕ್ಕೆ ದಾವಣಗೆರೆಗೆ ಹೊರಟುಬಿಡುತ್ತಾರೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕರು ಏನು ಉಣ್ಣುತ್ತಿದ್ದರು, ಆ ಕಾರ್ಖಾನೆ ಮುಚ್ಚಿದ ಮೇಲೆ ಅವರನ್ನು ನಂಬಿದ್ದ ಹೋಟೆಲುಗಳು ಏನಾದವು ಎಂದು ಕೇಳಿದವರು ವಿರಳ. ಬಡಗಣ ಜೋಳದ ರೊಟ್ಟಿಯೂ ತೆಂಕಣ ಅನ್ನಸಾರೂ ಒಂದೇ ತಟ್ಟೆಯಲ್ಲಿ ಕೂಡುವ ಸೀಮೆಯಿದು. ಮಂಗರಸ ಮೆಚ್ಚಿದ ಬದನೆ ಇಲ್ಲಿ ಎಣ್ಣೆಗಾಯಿಯಾಗಿ, ಶೇಂಗಾ ಚಟ್ನಿಯ ಪಕ್ಕದಲ್ಲಿ ಕುಳಿತಿರುತ್ತದೆ. ದಾವಣಗೆರೆ, ಹರಿಹರಗಳ ಕಾಲೇಜುಗಳಲ್ಲಿ ಕನ್ನಡವನ್ನೂ ಪತ್ರಿಕೋದ್ಯಮವನ್ನೂ ಬೋಧಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಅಂಥ ಒಂದು ಖಾನಾವಳಿಗೆ ಮೂರು ಬೇರೆ ಬೇರೆ ದಿನ ಕಳುಹಿಸಲಿ. ತಮ್ಮ ದುಡ್ಡಿನಲ್ಲೇ ಉಂಡು, ರುಚಿಕರ ಎಂಬ ಶಬ್ದವನ್ನು ಒಮ್ಮೆಯೂ ಬಳಸದೆ ಒಂದು ಪುಟ ಬರೆದು ತರಲು ಹೇಳಲಿ. ಊಟದ ಬೆಲೆಯನ್ನೂ ಹೋದ ದಿನಾಂಕಗಳನ್ನೂ ಪುಟದ ಕೆಳಗೆ ಕಾಣಿಸುವುದು ಕಡ್ಡಾಯವಾಗಿರಲಿ.