ವಾರಸುದಾರರಿಲ್ಲದ ಕಾರ್ಖಾನೆ

ಅಮೇರಿಕದ ಡೆಟ್ರಾಯಿಟ್ ನಗರದ ಪೂರ್ವ ಭಾಗದಲ್ಲಿ, ಗ್ರ್ಯಾಂಡ್ ಬೂಲೆವಾರ್ಡ್ ಎಂಬ ರಸ್ತೆಯ ಎರಡೂ ಬದಿಗಳಲ್ಲಿ ಪ್ಯಾಕಾರ್ಡ್ ಮೋಟಾರು ಕಾರ್ಖಾನೆ ಹರಡಿಕೊಂಡಿತ್ತು. ಅದರ ವಿಸ್ತಾರ ಸುಮಾರು 35 ಲಕ್ಷ ಚದರ ಅಡಿ. ಹಲವು ದಶಕಗಳ ಕಾಲ ಪಾಳುಬಿದ್ದಿದ್ದ ಅದನ್ನು 2022ರ ಸೆಪ್ಟೆಂಬರಿನಲ್ಲಿ ಕೆಡವಲು ಆರಂಭಿಸಲಾಯಿತು. 2024 ಮುಗಿಯುವ ಹೊತ್ತಿಗೆ ಒಂದು ಸಣ್ಣ ಭಾಗವನ್ನು ಬಿಟ್ಟರೆ ಉಳಿದುದೆಲ್ಲ ನೆಲಸಮವಾಗಿತ್ತು. ವಾಸ್ತುಶಿಲ್ಪದ ಅಭಿಮಾನಿಗಳು ಅತ್ತರು. ಅದರ ನೆರಳಿನಲ್ಲಿ ಬದುಕಿದ ನೆರೆಕರೆಯವರು ನಿಟ್ಟುಸಿರು ಬಿಟ್ಟರು. ಈ ಇಬ್ಬರ ಪೈಕಿ ಯಾರ ಪಕ್ಷ ವಹಿಸಬೇಕೆಂದು ಯೋಚಿಸಿದಾಗ, ಕಟ್ಟಡವೊಂದು ನಿಜವಾಗಿ ಸಾಯುವುದು ಯಾವಾಗ ಎಂಬ ಪ್ರಶ್ನೆ ನನ್ನನ್ನು ಕಾಡಿತು.

ಈ ಕಾರ್ಖಾನೆಯ ಹುಟ್ಟು ಸಾಮಾನ್ಯವಾದುದಲ್ಲ. 1903ರಲ್ಲಿ ಅದು ಆರಂಭವಾದಾಗ ಕಟ್ಟಡಗಳೆಲ್ಲ ಹಳೆಯ ಗಿರಣಿಗಳ ಮಾದರಿಯವು. ದಪ್ಪ ಗೋಡೆ, ಮರದ ತೊಲೆ, ಮರದ ನೆಲಗಟ್ಟು. ಯಂತ್ರಗಳಿಂದ ತೊಟ್ಟಿಕ್ಕುವ ಎಣ್ಣೆಯನ್ನು ಹೀರಿದ ಮರಕ್ಕೆ ಒಂದು ಕಿಡಿ ತಾಗಿದರೆ ಸಾಕಿತ್ತು. ಕಂಬಗಳು ಒತ್ತೊತ್ತಾಗಿದ್ದುದರಿಂದ ಯಂತ್ರಗಳನ್ನು ಹೂಡಲು ಸ್ಥಳವಿಲ್ಲ, ಬೆಳಕೂ ಇಲ್ಲ. ಇಂತಹ ಒಂಬತ್ತು ಕಟ್ಟಡಗಳಾದ ಬಳಿಕ, 1905ರಲ್ಲಿ, ಆಲ್ಬರ್ಟ್ ಕಾಹ್ನ್ ಎಂಬ ವಾಸ್ತುಶಿಲ್ಪಿ ಹತ್ತನೆಯದನ್ನು ಕಾಂಕ್ರೀಟಿನಲ್ಲಿ ಕಟ್ಟಿದನು. ಜರ್ಮನಿಯಿಂದ ವಲಸೆ ಬಂದ ಯೆಹೂದಿ ಧರ್ಮಗುರುವೊಬ್ಬನ ಮಗನಾದ ಈತನು ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಿದವನಲ್ಲ. ಕೆಲಸ ಮಾಡುತ್ತಲೇ ಕಲಿತವನು. ಕಾಂಕ್ರೀಟಿನೊಳಗೆ ಹುದುಗಿಸುವ ವಿಶೇಷ ಬಗೆಯ ಉಕ್ಕಿನ ಸರಳನ್ನು ರೂಪಿಸಿದವನು ಅವನ ತಮ್ಮ, ಇಂಜಿನಿಯರ್ ಜೂಲಿಯಸ್ ಕಾಹ್ನ್.

ಇಂದು ಆರ್.ಸಿ.ಸಿ. ತಾರಸಿಯಿಲ್ಲದ ಊರು ನಮ್ಮಲ್ಲಿಯೂ ಇಲ್ಲ. ಆದುದರಿಂದ ಅದರ ಚಮತ್ಕಾರ ನಮಗೆ ಕಾಣುವುದಿಲ್ಲ. ಕಾಂಕ್ರೀಟು ಎಷ್ಟು ಭಾರ ಹೇರಿದರೂ ತಾಳುತ್ತದೆ, ಎಳೆದರೆ ಮಾತ್ರ ಬಿರಿಯುತ್ತದೆ. ಉಕ್ಕು ಆ ಎಳೆತವನ್ನು ತಾನು ಹೊರುತ್ತದೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಸಮನಾಗಿ ಹಿಗ್ಗುವುದರಿಂದ ಒಂದನ್ನೊಂದು ಬಿಟ್ಟುಹೋಗುವುದಿಲ್ಲ. ಅಷ್ಟೇ ಅಲ್ಲ, ಸಿಮೆಂಟಿನ ಕ್ಷಾರಗುಣವು ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಈ ಕೂಡಾಟದ ಫಲವಾಗಿ ಕಂಬಗಳು ದೂರ ದೂರ ಸರಿದವು, ಭಾರ ಹೊರುವ ಕೆಲಸ ಗೋಡೆಗೆ ತಪ್ಪಿತು, ಗೋಡೆಯಿದ್ದಲ್ಲಿ ಅಗಲವಾದ ಕಿಟಕಿಗಳು ಬಂದವು. ಕಾರ್ಮಿಕನ ಕೈಗೆ ಹಗಲಿನ ಬೆಳಕು ತಲುಪಿತು. ಬೆಳಕಿನ ಈ ದಾನವನ್ನು ನಾನು ಸಣ್ಣದೆಂದು ಎಣಿಸಲಾರೆ. ಕೆಲವೇ ವರ್ಷಗಳಲ್ಲಿ ಇದೇ ಕಾಹ್ನ್‌ನು ಹೆನ್ರಿ ಫೋರ್ಡನಿಗಾಗಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯನ್ನು ಕಟ್ಟಿಕೊಟ್ಟನು.

ಆದರೆ ಬೆಳಕು ಬಂದ ಮಾತ್ರಕ್ಕೆ ಮನಸ್ಸಿನ ಕತ್ತಲೆ ಕಳೆಯುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾಕಾರ್ಡ್ ಸಂಸ್ಥೆಯು ರೋಲ್ಸ್‌ರಾಯ್ಸ್‌ನ ಪರವಾನಗಿಯಡಿ 55,000ಕ್ಕೂ ಹೆಚ್ಚು ಮರ್ಲಿನ್ ವಿಮಾನ ಇಂಜಿನುಗಳನ್ನು ತಯಾರಿಸಿತು. ಅದೇ ಕಾಲದಲ್ಲಿ, 1943ರ ಜೂನ್ ಆರಂಭದಲ್ಲಿ, ಮೂವರು ಕಪ್ಪು ಜನಾಂಗದ ಕಾರ್ಮಿಕರಿಗೆ ಬಡ್ತಿ ಸಿಕ್ಕಿ ಬಿಳಿಯರ ಪಕ್ಕದಲ್ಲಿ ನಿಂತು ದುಡಿಯುವ ಅವಕಾಶ ಬಂದಿತು. ಅಷ್ಟಕ್ಕೇ ಸುಮಾರು 25,000 ಬಿಳಿಯ ಕಾರ್ಮಿಕರು ಕೆಲಸ ಬಿಟ್ಟು ಹೊರನಡೆದರು. ಹಿಟ್ಲರನ ಜನಾಂಗದ್ವೇಷವನ್ನು ಸೋಲಿಸಲು ಇಂಜಿನು ಮಾಡುತ್ತಿದ್ದವರೇ ಅವರು! ಕಾರ್ಮಿಕ ಸಂಘದ ಮುಖಂಡರೇ ಈ ಮುಷ್ಕರವನ್ನು ವಿರೋಧಿಸಿದರು. ಕೆಲವೇ ದಿನಗಳಲ್ಲಿ ಅದು ಮುರಿಯಿತು. ಅದೇ ತಿಂಗಳ 20ರಂದು ನಗರದಲ್ಲಿ ಭುಗಿಲೆದ್ದ ಜನಾಂಗೀಯ ದಂಗೆಯಲ್ಲಿ 34 ಮಂದಿ ಸತ್ತರು. ಅವರಲ್ಲಿ 25 ಮಂದಿ ಕಪ್ಪು ಜನಾಂಗದವರು. ಹಳೆಯ ಕಾರ್ಖಾನೆಯ ವೈಭವವನ್ನು ಹಾಡುವವರು ಈ ಪುಟವನ್ನು ಬೇಗನೆ ಮಗುಚಿಬಿಡುತ್ತಾರೆ.

1956ರಲ್ಲಿ ಡೆಟ್ರಾಯಿಟ್‌ನಲ್ಲಿ ಪ್ಯಾಕಾರ್ಡ್ ಕಾರುಗಳ ತಯಾರಿಕೆ ನಿಂತುಹೋಯಿತು. ಆಮೇಲೆ ಆ ಕಟ್ಟಡಗಳಲ್ಲಿ ಸಣ್ಣಪುಟ್ಟ ಬಾಡಿಗೆದಾರರು, ಗೋದಾಮುಗಳು. ಕ್ರಮೇಣ ಅವರೂ ಹೋದರು. ಗುಜರಿಯವರು ಲೋಹವನ್ನೆಲ್ಲ ಕಿತ್ತೊಯ್ದರು. ಮತ್ತೆ ಮತ್ತೆ ಬೆಂಕಿ ಬಿದ್ದಿತು. ದೂರದೂರದಿಂದ ಬಂದ ಛಾಯಾಚಿತ್ರಗಾರರಿಗೆ ಆ ಪಾಳು ಒಂದು ಸೌಂದರ್ಯವಾಗಿ ಕಂಡಿತು. ಬ್ಯಾಂಕ್ಸಿ ಎಂಬ ಅಜ್ಞಾತ ಚಿತ್ರಕಾರನು 2010ರಲ್ಲಿ ಅಲ್ಲಿಯ ಗೋಡೆಯೊಂದರ ಮೇಲೆ ಚಿತ್ರ ಬರೆದಾಗ, ಆ ಗೋಡೆಯ ತುಂಡನ್ನು ಕತ್ತರಿಸಿ ಕಲಾಶಾಲೆಯೊಂದಕ್ಕೆ ಸಾಗಿಸಿದರು. ಕಟ್ಟಡದಲ್ಲಿ ಉಳಿಸಲು ಯೋಗ್ಯವಾದುದು ಅದೊಂದೇ ಎಂದು ತೋರಿತೇನೋ. 2013ರಲ್ಲಿ ತೆರಿಗೆ ಬಾಕಿಯ ಹರಾಜಿನಲ್ಲಿ ಇಡೀ ಕಾರ್ಖಾನೆ 4,05,000 ಡಾಲರಿಗೆ ಹೊಸ ಮಾಲೀಕನ ಕೈಸೇರಿತು. ಪುನರುಜ್ಜೀವನದ ಮಾತುಗಳು ಬಹಳ ಕೇಳಿಬಂದವು. 2019ರ ಜನವರಿಯಲ್ಲಿ ರಸ್ತೆಯ ಮೇಲಿನ ಸೇತುವೆಯೇ ಕುಸಿದುಬಿತ್ತು. ಕಡೆಗೆ 2022ರಲ್ಲಿ ನ್ಯಾಯಾಲಯ ಕೆಡವಲು ಆದೇಶಿಸಿತು. ಮಾಲೀಕನು ಕೆಡವದಿದ್ದಾಗ ನಗರಾಡಳಿತವೇ ಆ ಕೆಲಸಕ್ಕಿಳಿಯಿತು.

ಕಾಂಕ್ರೀಟಿಗೆ ಆಯುಸ್ಸು ತೀರಿತ್ತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದಕ್ಕಿಂತ ಎರಡು ವರ್ಷ ಹಿರಿಯದಾದ, 1903ರಲ್ಲಿ ಮುಗಿದ, ಸಿನ್ಸಿನಾಟಿಯ ಹದಿನಾರು ಮಹಡಿಯ ಇಂಗಲ್ಸ್ ಕಾಂಕ್ರೀಟು ಕಟ್ಟಡ ಇಂದಿಗೂ ನಿಂತಿದೆ. ಇಟಲಿಯ ಟ್ಯೂರಿನ್‌ನಲ್ಲಿ 1923ರಲ್ಲಿ ತೆರೆದ ಫಿಯಾಟ್‌ನ ಲಿಂಗೊಟ್ಟೊ ಕಾರ್ಖಾನೆ 1982ರಲ್ಲಿ ಮುಚ್ಚಿತು. ಛಾವಣಿಯ ಮೇಲೆ ಕಾರು ಓಡಿಸಿ ಪರೀಕ್ಷಿಸುವ ಪಥವಿದ್ದ ಆ ಕಟ್ಟಡವನ್ನು ರೆಂಜೊ ಪಿಯಾನೊ ಮಾರ್ಪಡಿಸಿದನು. ಇಂದು ಅಲ್ಲಿ ಅಂಗಡಿಗಳಿವೆ, ಹೋಟೆಲಿದೆ, ಸಭಾಂಗಣವಿದೆ. ಡೆಟ್ರಾಯಿಟ್‌ನಲ್ಲಿ ಸೋರುವ ಛಾವಣಿಗೆ ಕೈಹಚ್ಚುವವರಿರಲಿಲ್ಲ. ನೀರು ಬಿರುಕಿಗಿಳಿಯಿತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿರುಕನ್ನು ಅಗಲಿಸಿತು. ಉಕ್ಕು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿತು. ವೃದ್ಧಾಪ್ಯಕ್ಕೆ ಇದನ್ನು ಆರೋಪಿಸುವುದು ಅನ್ಯಾಯ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ, ದೇಹದಿಂದ ಬೇರ್ಪಟ್ಟ ಕೈ ಹೆಸರಿಗಷ್ಟೇ ಕೈ ಎಂಬ ಅರಿಸ್ಟಾಟಲನ ವಿಚಾರ ನನಗೆ ತರ್ಕದ ಆಟದಂತೆ ತೋರುತ್ತಿತ್ತು. ಉದ್ದೇಶ ಹೊರಟುಹೋದ ಮೇಲೆ ಆಕಾರ ಉಳಿದರೇನು? ಈ ನ್ಯಾಯದ ಪ್ರಕಾರ ಪ್ಯಾಕಾರ್ಡ್ ಕಾರ್ಖಾನೆ 1956ರ ನಂತರ ಹೆಸರಿಗಷ್ಟೇ ಕಾರ್ಖಾನೆ. ಆದರೆ ಕಟ್ಟಡಕ್ಕೂ ಕೈಗೂ ಒಂದು ಭೇದವಿದೆ; ಕಟ್ಟಡಕ್ಕೆ ಹೊಸ ಉದ್ದೇಶವನ್ನು ಕೊಡಲು ಬರುತ್ತದೆ, ಕೊಡುವವರಿದ್ದರೆ. ಲಾಭವಿದ್ದ ತನಕ ವಾರಸುದಾರರು ಎಷ್ಟೋ ಮಂದಿ. ಲಾಭ ಮುಗಿದಾಗ ಉಳಿದ ವಾರಸುದಾರರು ಪಕ್ಕದ ಬೀದಿಯ ಬಡವರು ಮಾತ್ರ. ಕಿಡಿಗೇಡಿಗಳ ಬೆಂಕಿಯ ಹೊಗೆಯನ್ನು ಉಸಿರಾಡಿದವರು ಅವರು. ಆದುದರಿಂದ, ಕಾಹ್ನ್‌ನ ಪ್ರತಿಭೆಯನ್ನು ಮೆಚ್ಚಿಯೂ, ಕೆಡವಿದುದು ಸರಿಯೆಂದೇ ನನ್ನ ಅಭಿಪ್ರಾಯ. ಛಾಯಾಚಿತ್ರದ ಚೆಲುವಿಗಾಗಿ ಇನ್ನೂ ಇಪ್ಪತ್ತು ವರ್ಷ ಅವರು ಕಾಯಬೇಕೆಂದು ಹೇಳುವ ಅಧಿಕಾರ ನಮಗಾರಿಗೂ ಇಲ್ಲ.

ಉಳಿಸಿಕೊಂಡ ಆ ಸಣ್ಣ ಭಾಗದ ಗೋಡೆಯಲ್ಲಿ ಮುಂದೊಂದು ದಿನ ಫಲಕವನ್ನಿಟ್ಟರೆ, ವಾಸ್ತುಶಿಲ್ಪಿಯ ಹೆಸರು ಅಲ್ಲಿ ಹೇಗೂ ಇರುತ್ತದೆ. 1943ರ ಜೂನಿನಲ್ಲಿ, ಇಪ್ಪತ್ತೈದು ಸಾವಿರ ಮಂದಿ ಹೊರನಡೆದಾಗ ತಮ್ಮ ಯಂತ್ರದ ಮುಂದೆ ನಿಲ್ಲುವ ಹಕ್ಕನ್ನಷ್ಟೇ ಪಡೆದಿದ್ದ ಆ ಮೂವರ ಕಥೆಗೂ ಅದರಲ್ಲಿ ಎರಡು ಸಾಲಿನ ಜಾಗ ದೊರೆಯಬೇಕು.